ಸಾವಿರಕ್ಕೆ ಎಂಟರ ಜಾಣತನ

ಸೋನಿ ಕಂಪನಿಯ ಪಿಎಸ್4 ಆಟದ ಪೆಟ್ಟಿಗೆಯ ಒಳಗೆ ಹಾರ್ಡ್ ಡಿಸ್ಕನ್ನು ಹಿಡಿದಿಟ್ಟಿರುವುದು ಒಂದೇ ಒಂದು ಸ್ಕ್ರೂ. ಅದರ ತಲೆಯ ಮೇಲೆ ತ್ರಿಕೋನ, ಸೊನ್ನೆ, ಗುಣಾಕಾರದ ಗುರುತು, ಚೌಕ, ಹೀಗೆ ಕಂಟ್ರೋಲರ್‌ನ ನಾಲ್ಕು ಗುಂಡಿಗಳ ಚಿತ್ರ ಕೊರೆದಿದ್ದಾರೆ. ಬಿಚ್ಚಿದವರಿಗಷ್ಟೇ ಕಾಣುವ ಈ ಕುಸುರಿ ಕೆಲಸ ನೋಡಿದಾಗ, ಡಿಸ್ಕ್ ಬದಲಾಯಿಸುವವರನ್ನು ಕಂಪನಿ ಮೊದಲೇ ನಿರೀಕ್ಷಿಸಿತ್ತು ಅನ್ನಿಸುತ್ತದೆ. 2016ರ ಬೇಸಿಗೆ ರಜೆಯಲ್ಲಿ ಮೈಸೂರಿನ ಅಕ್ಕನ ಮನೆಯ ನಡುಮನೆಯಲ್ಲಿ ಹಳೇ ಪೇಪರ್ ಹಾಸಿಕೊಂಡು ನಾನೂ ಅಕ್ಕನ ಮಗನೂ ಆ ಸ್ಕ್ರೂ ಬಿಚ್ಚಿದೆವು. ಒಳಗಿದ್ದ 500 ಜಿಬಿ ಡಿಸ್ಕ್ ತೆಗೆದು, ನಾನು ಬೆಂಗಳೂರಿನಿಂದ ತಂದಿದ್ದ 1 ಟಿಬಿಯ ಹೈಬ್ರಿಡ್ ಡಿಸ್ಕ್ ಕೂರಿಸಿದೆವು. ಪೆನ್‌ಡ್ರೈವಿನಿಂದ ಸಿಸ್ಟಮ್ ಸಾಫ್ಟ್‌ವೇರ್ ಮತ್ತೆ ಹಾಕಿ, ಆಟವನ್ನು ಮತ್ತೆ ಇನ್‌ಸ್ಟಾಲ್ ಮಾಡಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು. ಹುಡುಗ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತ. ಆಟ ತೆರೆದುಕೊಂಡಿತು. ಅವನು ಮೊಬೈಲ್ ನೋಡಿದ, ನನ್ನ ಮುಖ ನೋಡಿದ.

"ಮಾಮ, ಅಷ್ಟೇ ಟೈಮ್ ತಗೊಳ್ತಲ್ಲ ಇದು?"

ನನಗೆ ಅವಮಾನವಾಗಿದ್ದು ನಿಜ. ಏಕೆಂದರೆ ಮೂರು ವರ್ಷದ ಹಿಂದೆ ಇಂಥದ್ದೇ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು ಊರೆಲ್ಲ ಹೊಗಳಿಕೊಂಡು ತಿರುಗಿದವನು ನಾನೇ. ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿ ಕಾಫಿ ಸೋಸಿಕೊಂಡು ಬರುವಷ್ಟರಲ್ಲಿ ಏಳುತ್ತಿದ್ದದ್ದು, ಆಮೇಲೆ ಡಿಕಾಕ್ಷನ್ ಬಿಸಿ ಮಾಡುವಷ್ಟರಲ್ಲೇ ಏಳತೊಡಗಿತ್ತು. ಲ್ಯಾಪ್‌ಟಾಪಿನಲ್ಲಿ ಪವಾಡ ಅನ್ನಿಸಿದ್ದು ಆಟದ ಪೆಟ್ಟಿಗೆಯಲ್ಲಿ ಪೆಚ್ಚಾಯಿತು. ತಪ್ಪು ಡಿಸ್ಕಿನದೇ? ಅಲ್ಲ ಎಂದು ಈಗ ಹೇಳಬಲ್ಲೆ. ಈ ಡಿಸ್ಕಿಗೆ ತನ್ನದೇ ಅಂತ ಒಂದು ವೇಗ ಇರಲಿಲ್ಲ. ಅದರ ವೇಗ ಇದ್ದದ್ದು ಬಳಸುವವರ ರೂಢಿಯಲ್ಲಿ.

ಮೊದಲು ಮಾಮೂಲಿ ಹಾರ್ಡ್ ಡಿಸ್ಕಿನ ಕಷ್ಟ ಏನೆಂದು ನೋಡೋಣ. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ತಿರುಗುತ್ತಿರುತ್ತವೆ. ಹಳೇ ಗ್ರಾಮಫೋನಿನ ಮುಳ್ಳಿನಂತೆ ಒಂದು ತೋಳು ಅವುಗಳ ಮೇಲೆ ಒಳಕ್ಕೂ ಹೊರಕ್ಕೂ ಓಡಾಡುತ್ತದೆ. ಮುಳ್ಳು ತಟ್ಟೆಗೆ ತಾಗುವುದಿಲ್ಲ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಲ್ಯಾಪ್‌ಟಾಪ್ ಮತ್ತು ಪಿಎಸ್4ರಲ್ಲಿದ್ದ ಡಿಸ್ಕುಗಳು ನಿಮಿಷಕ್ಕೆ 5,400 ಸುತ್ತು ಸುತ್ತುವಂಥವು. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಐದೂವರೆ ಮಿಲಿಸೆಕೆಂಡ್. ಅದಕ್ಕೂ ಮುಂಚೆ ತೋಳು ಸರಿಯಾದ ಗೆರೆಗೆ ಸರಿಯಲು ಇನ್ನೊಂದು ಹನ್ನೆರಡು. ಒಟ್ಟು ಹದಿನೇಳೂವರೆ ಅನ್ನಿ, ಲೆಕ್ಕಕ್ಕೆ ಸುಲಭವಾಗಲಿ ಎಂದು ಹದಿನೇಳು ಹಿಡಿಯೋಣ.

ಹದಿನೇಳು ಮಿಲಿಸೆಕೆಂಡ್ ಏನು ಮಹಾ ಅನ್ನಿಸಬಹುದು. ಆದರೆ ವಿಂಡೋಸ್ ಏಳುವಾಗ ಕೇಳುವುದು ಒಂದು ದೊಡ್ಡ ಫೈಲನ್ನಲ್ಲ, ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಚೂರುಗಳನ್ನು. ಮೂರು ಸಾವಿರ ಚೂರು ಎಂದಿಟ್ಟುಕೊಂಡರೆ ಐವತ್ತೊಂದು ಸೆಕೆಂಡ್ ಬರೀ ತೋಳಿನ ಓಡಾಟಕ್ಕೇ ಹೋಯಿತು. ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ಕೊಡುವ ಇದೇ ಡಿಸ್ಕ್, ಹೀಗೆ ಚದುರಿದ ನಾಲ್ಕು ಕೆಬಿ ಚೂರುಗಳನ್ನು ಹೆಕ್ಕುವಾಗ ಸೆಕೆಂಡಿಗೆ ಅರ್ಧ ಎಂಬಿಯನ್ನೂ ಮುಟ್ಟುವುದಿಲ್ಲ. ಹಳೇ ಕಂಪ್ಯೂಟರಿನಿಂದ ಬರುತ್ತಿದ್ದ ಆ ಕರಕರ ಸದ್ದು ನೆನಪಿದೆಯೇ? ಅದು ಕೆಲಸದ ಸದ್ದಲ್ಲ, ಕೆಲಸದ ಜಾಗಕ್ಕೆ ಹೋಗಿಬರುವ ಸದ್ದು.

ಫ್ಲಾಷ್ ಮೆಮೊರಿಯಲ್ಲಿ ಓಡಾಡುವಂಥದ್ದು ಏನೂ ಇಲ್ಲ. ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ ಈ ಚಿಪ್ಪುಗಳು ಎಲ್ಲಿಂದ ಕೇಳಿದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಉತ್ತರ ಕೊಡುತ್ತವೆ. ಮೇಲಿನ ಮೂರು ಸಾವಿರ ಚೂರಿಗೆ ಅರ್ಧ ಸೆಕೆಂಡೂ ಬೇಡ. ಅಡ್ಡಿ ಇದ್ದದ್ದು ದುಡ್ಡಿನದು. 2008ರಲ್ಲಿ ಇಂಟೆಲ್ ತನ್ನ 80 ಜಿಬಿ ಎಸ್‌ಎಸ್‌ಡಿಗೆ, ಅಂದರೆ ಬರೀ ಫ್ಲಾಷಿನಿಂದಲೇ ಕಟ್ಟಿದ ಡಿಸ್ಕಿಗೆ, ಇಟ್ಟ ಸಗಟು ಬೆಲೆ 595 ಡಾಲರ್, ಒಂದು ಜಿಬಿಗೆ ಏಳು ಡಾಲರಿಗಿಂತ ಹೆಚ್ಚು. ಆ ದರದಲ್ಲಿ ಮದುವೆ ವಿಡಿಯೊ ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಒಂದು ರಾಜಿ ಸೂತ್ರ ಹುಟ್ಟಿತು. ದೊಡ್ಡ ಅಗ್ಗದ ಡಿಸ್ಕಿನ ಬೆನ್ನಿಗೆ ಪುಟ್ಟ ದುಬಾರಿ ಫ್ಲಾಷ್ ಅಂಟಿಸುವುದು, ಅದೇ ಹೈಬ್ರಿಡ್ ಡಿಸ್ಕ್.

ಮೊದಲ ಸುತ್ತು 2007ರಲ್ಲಿ, ವಿಂಡೋಸ್ ವಿಸ್ಟಾ ಜೊತೆ. ಸ್ಯಾಮ್‌ಸಂಗ್, ಸೀಗೇಟ್ ಎರಡೂ 256 ಎಂಬಿಯಷ್ಟು ಫ್ಲಾಷ್ ಇರುವ ಡಿಸ್ಕುಗಳನ್ನು ತಂದವು. ಆ ಫ್ಲಾಷಿನಲ್ಲಿ ಏನಿಡಬೇಕೆಂದು ತೀರ್ಮಾನಿಸುವ ಅಧಿಕಾರ ಮಾತ್ರ ವಿಸ್ಟಾದ ಕೈಯಲ್ಲಿತ್ತು. ವಿಸ್ಟಾ ಇಲ್ಲದ ಕಡೆ ಆ ಚಿಪ್ಪು ನಿಷ್ಪ್ರಯೋಜಕ. ಹೆಚ್ಚು ಬರೆಯುವಂಥದ್ದು ಈ ಸುತ್ತಿನಲ್ಲಿ ಏನೂ ಇಲ್ಲ, ಕೊಂಡವರೂ ಕಡಿಮೆ.

ಎರಡನೆಯದು 2010ರ ಮೇ ತಿಂಗಳಲ್ಲಿ ಬಂದ ಸೀಗೇಟ್‌ನ ಮೊಮೆಂಟಸ್ ಎಕ್ಸ್‌ಟಿ. 500 ಜಿಬಿ ಡಿಸ್ಕ್, ನಿಮಿಷಕ್ಕೆ 7,200 ಸುತ್ತು, ಜೊತೆಗೆ 4 ಜಿಬಿ ಫ್ಲಾಷ್. ಈ ಸಲ ಯಾವ ಆಪರೇಟಿಂಗ್ ಸಿಸ್ಟಮಿನ ಹಂಗೂ ಬೇಡ ಎಂದು ನಿರ್ಧರಿಸಿದ್ದೇ ಅದರ ದೊಡ್ಡ ಜಾಣತನ. ಡಿಸ್ಕಿನೊಳಗಿನ ಸಣ್ಣ ಪ್ರೊಸೆಸರೇ ತನ್ನನ್ನು ಯಾರು ಏನು ಕೇಳುತ್ತಿದ್ದಾರೆ ಎಂದು ಗಮನಿಸಿ, ಪದೇ ಪದೇ ಕೇಳಿದ್ದನ್ನು ಫ್ಲಾಷಿಗೆ ನಕಲು ಮಾಡಿಕೊಳ್ಳುತ್ತಿತ್ತು. ವಿಂಡೋಸ್ ಇರಲಿ, ಮ್ಯಾಕ್ ಇರಲಿ, ಲಿನಕ್ಸ್ ಇರಲಿ, ಅದಕ್ಕೆ ವ್ಯತ್ಯಾಸವಿಲ್ಲ. ಪಿಎಸ್4ರ ಒಳಗೆ ನಾವು ಅದನ್ನು ಕೂರಿಸಲು ಸಾಧ್ಯವಾಗಿದ್ದೂ ಈ ಗುಣದಿಂದಲೇ. 2013ರ ಹೊತ್ತಿಗೆ ಇಂಥ ಡಿಸ್ಕುಗಳಿಗೆ ಎಸ್‌ಎಸ್‌ಎಚ್‌ಡಿ ಎಂಬ ಹೆಸರು ನಿಂತಿತು. ಫ್ಲಾಷ್ 8 ಜಿಬಿಗೆ ಬಂದು ನಿಂತಿತು.

8 ಜಿಬಿ, 1,000 ಜಿಬಿಗೆ. ಸಾವಿರಕ್ಕೆ ಎಂಟು.

ಇಷ್ಟು ಸಣ್ಣ ಪಾಲು ಏನು ಮಾಡೀತು? ನಮ್ಮ ಬೀದಿ ತುದಿಯ ದಿನಸಿ ಅಂಗಡಿ ನೋಡಿ. ಗಲ್ಲಾದ ಪಕ್ಕ ಒಂದು ಮೊಳದ ಹಲಗೆಯಿದೆ. ಅದರ ಮೇಲೆ ಹಾಲು, ಬ್ರೆಡ್, ಬೆಂಕಿಪೊಟ್ಟಣ, ಶಾಂಪೂ ಸ್ಯಾಷೆ. ಹಿಂದೆ ದೊಡ್ಡ ಗೋಡೌನ್. ಬರುವ ಗಿರಾಕಿಗಳಲ್ಲಿ ಬಹುಪಾಲು ಜನಕ್ಕೆ ಆ ಒಂದು ಮೊಳದಲ್ಲೇ ವ್ಯಾಪಾರ ಮುಗಿಯುತ್ತದೆ. ಕಂಪ್ಯೂಟರೂ ಹೀಗೆಯೇ. ಡಿಸ್ಕಿನ ತುಂಬ ಏನೇ ಇರಲಿ, ಈ ಹೊತ್ತಿನಲ್ಲಿ ಅದು ಕೈಯಾಡಿಸುವುದು ಒಂದು ಸಣ್ಣ ಗುಂಪಿನ ಮೇಲೆ. ಪೀಟರ್ ಡೆನ್ನಿಂಗ್ 1968ರಲ್ಲಿ ಇದನ್ನು ಸಿದ್ಧಾಂತವಾಗಿ ಬರೆದರು. ಅದಕ್ಕೂ ಮೊದಲೇ, 1965ರಲ್ಲಿ, ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ ದೊಡ್ಡ ನಿಧಾನದ ಮೆಮೊರಿಯ ಮುಂದೆ ಪುಟ್ಟ ವೇಗದ ಮೆಮೊರಿ ಇಡುವ ಸಲಹೆ ಕೊಟ್ಟಿದ್ದರು. ಅದನ್ನೇ ಆಮೇಲೆ ಕ್ಯಾಶ್ ಎಂದರು.

ಈ ಕ್ಯಾಶ್ ಎಂಬ ಪದ ಕನ್ನಡದಲ್ಲಿ ಗಲ್ಲಾಪೆಟ್ಟಿಗೆಯನ್ನು ನೆನಪಿಸುತ್ತದೆ, ಉಚ್ಚಾರ ಒಂದೇ ನೋಡಿ. ಆದರೆ ಇದು ಬಂದಿರುವುದು ಬಚ್ಚಿಡು ಎಂಬರ್ಥದ ಫ್ರೆಂಚ್ ಪದದಿಂದ. ಮೂಲದಲ್ಲಿ ಕಾಡಿನಲ್ಲಿ ತಿರುಗುವ ಬೇಟೆಗಾರರು ನೆಲದಲ್ಲಿ ಗುಂಡಿ ತೋಡಿ ದಿನಸಿ ಅಡಗಿಸಿಡುತ್ತಿದ್ದ ಜಾಗ, ಹೆಚ್ಚುಕಡಿಮೆ ನಮ್ಮ ಹಗೇವು. ತಮಾಷೆಯೆಂದರೆ ಕಂಪ್ಯೂಟರಿಗೆ ಬರುವಷ್ಟರಲ್ಲಿ ಅರ್ಥ ತಲೆಕೆಳಗಾಗಿದೆ. ಇಲ್ಲಿ ಹಗೇವಿನ ಸ್ಥಾನ ಹಾರ್ಡ್ ಡಿಸ್ಕಿನದು. ಕ್ಯಾಶ್ ಎಂದರೆ ಒಲೆಯ ಪಕ್ಕದ ಗುಡಾಣ.

ಅಂಗಡಿಗೆ ಹಿಂತಿರುಗಿದರೆ, ಗಲ್ಲಾದ ಮುಂದಿನ ಹಲಗೆ ಜೋಡಿಸುವ ಹುಡುಗ ಅಕ್ಷರ ಬಾರದವನು ಎಂದುಕೊಳ್ಳಿ. ಪೊಟ್ಟಣದಲ್ಲಿ ಬೇಳೆ ಇದೆಯೋ ಬೆಲ್ಲ ಇದೆಯೋ ಅವನಿಗೆ ಗೊತ್ತಾಗದು. ಗೊತ್ತಿರುವುದು ಗೋಡೌನಿನ ಗೂಡುಗಳ ನಂಬರ್ ಮಾತ್ರ. 412ನೇ ಗೂಡಿಗೆ ಇವತ್ತು ನಾಲ್ಕು ಸಲ ಹೋದೆ, ನಾಳೆಯಿಂದ ಅಲ್ಲಿರುವುದನ್ನು ಮುಂದೆ ತಂದಿಡೋಣ ಎಂದಷ್ಟೇ ಅವನು ಯೋಚಿಸಬಲ್ಲ. ಹೈಬ್ರಿಡ್ ಡಿಸ್ಕಿನ ಬುದ್ಧಿಯೂ ಅಷ್ಟೇ. ಅದಕ್ಕೆ ಫೈಲ್ ಅಂದರೇನು, ಆಟ ಅಂದರೇನು ತಿಳಿಯದು, ಬ್ಲಾಕ್ ನಂಬರ್ ಮಾತ್ರ ತಿಳಿಯುತ್ತದೆ. ಪಿಎಸ್4 ತನ್ನ ಡಿಸ್ಕನ್ನು ಪೂರಾ ಗೂಢಲಿಪಿಯಲ್ಲಿ ಬರೆಯುತ್ತದೆ. ಆದರೂ ಹೈಬ್ರಿಡ್ ಡಿಸ್ಕಿಗೆ ತೊಂದರೆಯಾಗಲಿಲ್ಲ, ಓದಲು ಬಾರದವನಿಗೆ ಯಾವ ಲಿಪಿಯಾದರೇನು.

ಮೊದಲ ಸಲ ಕೇಳಿದ್ದನ್ನು ಈ ಹುಡುಗ ಗೋಡೌನಿಗೆ ಹೋಗಿಯೇ ತರಬೇಕು, ಹಾಗಾಗಿ ಮೊದಲ ದಿನ ಎಂಥ ಹೈಬ್ರಿಡ್ ಡಿಸ್ಕೂ ಸಾದಾ ಡಿಸ್ಕೇ. ನನ್ನ ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಟ್ಟ ಎಸ್.ಪಿ. ರೋಡಿನ ಅಂಗಡಿಯವರು ಇದನ್ನು ಚೆನ್ನಾಗಿ ಬಲ್ಲವರು. ಹಾಕಿದ ಮೇಲೆ ಅಲ್ಲೇ ಒಮ್ಮೆ ಆನ್ ಮಾಡಿ ನೋಡಿ ನಾನು ಮುಖ ಸಿಂಡರಿಸಿದಾಗ, ಸ್ಕ್ರೂಡ್ರೈವರ್ ಒರೆಸಿ ಜೇಬಿಗಿಡುತ್ತ ಅಂದರು: "ಇದು ಹೊಸ ಸೊಸೆ ಇದ್ದಂಗೆ ಸಾರ್. ಮನೆ ಪದ್ಧತಿ ಗೊತ್ತಾಗ್ಬೇಕು. ಮೂರು ದಿನ ಟೈಮ್ ಕೊಡಿ, ಆಮೇಲೂ ಸ್ಲೋ ಇದ್ರೆ ಬಂದು ಬೈಯಿರಿ." ಹೋಲಿಕೆ ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ತಾಂತ್ರಿಕವಾಗಿ ಒಂದಕ್ಷರ ತಪ್ಪಿಲ್ಲ.

ವಿಮರ್ಶಕರನ್ನು ಈ ಡಿಸ್ಕ್ ಪೇಚಿಗೆ ಸಿಲುಕಿಸಿದ್ದೂ ಇದೇ ಕಾರಣಕ್ಕೆ. ವೇಗ ಅಳೆಯುವ ಸಾಫ್ಟ್‌ವೇರುಗಳು ಎಲ್ಲೆಂದರಲ್ಲಿ ಯಾದೃಚ್ಛಿಕವಾಗಿ ಓದುತ್ತವೆ, ಒಮ್ಮೆ ಓದಿದ್ದನ್ನು ಮತ್ತೆ ಓದುವುದಿಲ್ಲ. ಅಲ್ಲಿ ಹೈಬ್ರಿಡ್ ನಪಾಸು. ಅದೇ ಕಂಪ್ಯೂಟರನ್ನು ನಾಲ್ಕು ಸಲ ಆನ್ ಆಫ್ ಮಾಡಿ ನಾಲ್ಕನೆಯ ಸಲ ಅಳೆದರೆ ಎಸ್‌ಎಸ್‌ಡಿಗೆ ಹತ್ತಿರ ಬಂದು ನಿಲ್ಲುತ್ತದೆ. ಕಂಪನಿಯ ಪೆಟ್ಟಿಗೆಯ ಮೇಲೆ ಅಚ್ಚಾಗುತ್ತಿದ್ದ "ಇಷ್ಟು ಪಟ್ಟು ವೇಗ" ಎಂಬ ಅಂಕಿ ನಾಲ್ಕನೆಯ ಸಲದ್ದು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಇದರ ಜೊತೆ ಒಂದು ಪೈಪೋಟಿಯೂ ಇತ್ತು, ಅದನ್ನು ಮಾರುವವರು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕಂಪ್ಯೂಟರಿನ ರ‍್ಯಾಮ್ ಕೂಡ ಡಿಸ್ಕಿನಿಂದ ಓದಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ರೌಸರ್ ಮುಚ್ಚಿ ಮತ್ತೆ ತೆರೆದರೆ ತಕ್ಷಣ ಬರುವುದು ರ‍್ಯಾಮಿನಿಂದ, ಆ ಕೋರಿಕೆ ಡಿಸ್ಕಿನವರೆಗೆ ಹೋಗುವುದೇ ಇಲ್ಲ. ಅಂದರೆ ಅತಿ ಹೆಚ್ಚು ಬೇಕಾದ ಸರಕೆಲ್ಲ ಗಿರಾಕಿಯ ಜೇಬಿನಲ್ಲೇ ಇದೆ, ಅಂಗಡಿ ಹುಡುಗನ ಕಣ್ಣಿಗೆ ಬೀಳುವುದು ಮಿಕ್ಕಿದ್ದು. ಫ್ಲಾಷಿಗಿದ್ದ ಒಂದೇ ಮೇಲುಗೈ ಎಂದರೆ ಕರೆಂಟ್ ಹೋದರೂ ಅದು ಮರೆಯುವುದಿಲ್ಲ. ರ‍್ಯಾಮ್ ಖಾಲಿಯಾಗಿರುವ ಹೊತ್ತು, ಅಂದರೆ ಬೆಳಗಿನ ಮೊದಲ ಆನ್, ಹೈಬ್ರಿಡ್ ಮಿಂಚುವುದು ಅಲ್ಲೇ. ನಮ್ಮ ಬಡಾವಣೆಯಲ್ಲಿ ಆಗ ದಿನಕ್ಕೆರಡು ಸಲ ಕರೆಂಟ್ ಹೋಗುತ್ತಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ನನ್ನಂಥವನಿಗೆ ದಿನಕ್ಕೆ ಮೂರು ಬೆಳಗು! ನನ್ನ ಹೊಗಳಿಕೆಯಲ್ಲಿ ವಿದ್ಯುತ್ ಇಲಾಖೆಯ ಪಾಲೂ ಇತ್ತೆಂದು ಈಗ ಅನ್ನಿಸುತ್ತದೆ.

ಇನ್ನು ಆಟದ ಪೆಟ್ಟಿಗೆ.

ಪಿಎಸ್4 ಬಂದದ್ದು 2013ರ ನವೆಂಬರಿನಲ್ಲಿ. ಆಟದ ಬ್ಲೂ-ರೇ ತಟ್ಟೆ ಹಾಕಿದರೂ ಅದರಿಂದ ನೇರ ಆಡುವ ಹಾಗಿಲ್ಲ, ಇಡೀ ಆಟ ಮೊದಲು ಹಾರ್ಡ್ ಡಿಸ್ಕಿಗೆ ನಕಲಾಗಬೇಕು. ನಲವತ್ತು, ಐವತ್ತು ಜಿಬಿ ಸಾಮಾನ್ಯ. 2018ರ ರೆಡ್ ಡೆಡ್ ರಿಡೆಂಪ್ಷನ್ 2 ಎರಡು ತಟ್ಟೆಗಳಲ್ಲಿ ಬಂದು ನೂರು ಜಿಬಿ ಆಚೀಚೆ ಜಾಗ ಕಬಳಿಸುತ್ತಿತ್ತು. ಎಂಟು ಜಿಬಿಯ ಹಲಗೆಯ ಮುಂದೆ ನಿಂತ ಗಿರಾಕಿ ಇವನು. ಅದಕ್ಕಿಂತ ದೊಡ್ಡ ಸಮಸ್ಯೆ ಅವನ ಸ್ವಭಾವ. ಬಯಲಲ್ಲಿ ಕುದುರೆ ಓಡಿಸುತ್ತ ಹೋದಂತೆ ಆಟ ಮುಂದಿನ ಬೆಟ್ಟ, ಮುಂದಿನ ಊರು, ಮುಂದಿನ ಮರಗಳನ್ನು ಡಿಸ್ಕಿನಿಂದ ತರಿಸಿಕೊಳ್ಳುತ್ತಿರುತ್ತದೆ, ಹಿಂದಿನದನ್ನು ಬಿಸಾಡುತ್ತಿರುತ್ತದೆ. ಅದೇ ದಾರಿಗೆ ನಾಳೆಯೂ ಬರುತ್ತಾನೆಂಬ ಖಾತ್ರಿಯಿಲ್ಲ. ಗಣೇಶನ ಹಬ್ಬದ ಹಿಂದಿನ ದಿನ ಇಪ್ಪತ್ತೊಂದು ಬಗೆಯ ಪತ್ರೆ ಕೇಳುವ ಗಿರಾಕಿಯಂತೆ, ಎಲ್ಲವೂ ಬೇಕು, ಎಲ್ಲವೂ ಒಂದೇ ಸಲ ಬೇಕು, ಯಾವುದೂ ಮತ್ತೆ ಬೇಡ. ಹುಡುಗ ಏನು ಕಲಿತಾನು?

ಹಾಗೆಂದು ಲಾಭವೇ ಇರಲಿಲ್ಲ ಎನ್ನುವಂತಿಲ್ಲ. ಮೂರನೆಯ ದಿನ ಅಕ್ಕನ ಮಗನೇ ಒಂದು ವಿಷಯ ಪತ್ತೆಹಚ್ಚಿದ. ಅವನ ಇನ್ನೊಂದು ಆಟದಲ್ಲಿ ಒಬ್ಬ ರಾಕ್ಷಸನ ಕೈಯಲ್ಲಿ ಮತ್ತೆ ಮತ್ತೆ ಸಾಯುತ್ತಿದ್ದ. ಸತ್ತಾಗಲೆಲ್ಲ ಅದೇ ಕೋಟೆ, ಅದೇ ಬಾಗಿಲು, ಅದೇ ರಾಕ್ಷಸ ಡಿಸ್ಕಿನಿಂದ ಮತ್ತೆ ಎದ್ದು ಬರಬೇಕು. ಅಲ್ಲಿ ಕಾಯುವ ಹೊತ್ತು ಕಣ್ಣಿಗೆ ಕಾಣುವಷ್ಟು ಇಳಿದಿತ್ತು. "ಮಾಮ, ಸೋತಷ್ಟೂ ಫಾಸ್ಟ್ ಆಗ್ತಾ ಇದೆ!" ಅಂದ. ಹೈಬ್ರಿಡ್ ಡಿಸ್ಕಿನ ಬಗ್ಗೆ ನಾನು ಓದಿರುವ ಯಾವ ವಿಮರ್ಶೆಯೂ ಇಷ್ಟು ಚೊಕ್ಕವಾಗಿ ಹೇಳಿಲ್ಲ. ಚೆನ್ನಾಗಿ ಆಡಿ ಮುಂದೆ ಮುಂದೆ ಹೋಗುವವನಿಗೆ ಹಾರ್ಡ್ ಡಿಸ್ಕಿನ ವೇಗ, ಒಂದೇ ಕಡೆ ಮುಗ್ಗರಿಸುವವನಿಗೆ ಫ್ಲಾಷಿನ ವೇಗ.

ಮೈಕ್ರೋಸಾಫ್ಟ್ 2015ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಒನ್‌ನ ಎಲೈಟ್ ಆವೃತ್ತಿಗೆ 1 ಟಿಬಿಯ ಹೈಬ್ರಿಡ್ ಡಿಸ್ಕನ್ನೇ ಹಾಕಿ ಮಾರಿತು. ಅದರ ಜಾಹೀರಾತನ್ನು ಎಚ್ಚರದಿಂದ ಓದಿದರೆ ನಗು ಬರುತ್ತದೆ. ವಿದ್ಯುತ್ ಉಳಿತಾಯದ ಸ್ಥಿತಿಯಿಂದ ಏಳುವಾಗ ಶೇ 20ರವರೆಗೆ ವೇಗ ಎಂದು ಹೇಳಿಕೊಂಡಿದ್ದರು. ಏಳುವುದು, ಅಂದರೆ ದಿನವೂ ಒಂದೇ ರೀತಿ ನಡೆಯುವ ಕೆಲಸ. ತಮ್ಮ ಡಿಸ್ಕಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಕಾಯುವ ಹೊತ್ತಿಗೆಲ್ಲ ಡಿಸ್ಕನ್ನೇ ದೂರುವುದೂ ಸರಿಯಲ್ಲ. ಡಿಸ್ಕಿನಿಂದ ಬಂದದ್ದು ಒತ್ತಿ ಮಡಿಚಿದ ಸ್ಥಿತಿಯಲ್ಲಿರುತ್ತದೆ, ಬಿಡಿಸುವ ಕೆಲಸ ಪ್ರೊಸೆಸರಿನದು. ಪಿಎಸ್4ರ ಪ್ರೊಸೆಸರ್ ಹುಟ್ಟುವಾಗಲೇ ಸಾಧಾರಣದ್ದು, ಹೀಗಾಗಿ ದುಬಾರಿ ಎಸ್‌ಎಸ್‌ಡಿ ಹಾಕಿದವರಿಗೂ ಕಾಯುವ ಕಾಲ ಪೂರ್ತಿ ಮಾಯವಾಗಲಿಲ್ಲ. ಕೆಲವೊಮ್ಮೆ ಕಳ್ಳ ಬೇರೆಯೇ ಕಡೆ ಇರುತ್ತಾನೆ. ಜಿಟಿಎ ಆನ್‌ಲೈನ್ ಎಂಬ ಆಟ ಕಂಪ್ಯೂಟರಿನಲ್ಲಿ ತೆರೆಯಲು ಆರೇಳು ನಿಮಿಷ ತೆಗೆದುಕೊಳ್ಳುತ್ತಿತ್ತು. ಜನ ಎಸ್‌ಎಸ್‌ಡಿ ಹಾಕಿದರು, ಜಗ್ಗಲಿಲ್ಲ. 2021ರಲ್ಲಿ ಒಬ್ಬ ಪ್ರೋಗ್ರಾಮರ್ ಬೇಸತ್ತು ಒಳಗೆ ಇಣುಕಿ ನೋಡಿದರೆ, ಆಟದೊಳಗಿನ ಅಂಗಡಿಯ 63,000 ಸಾಮಾನುಗಳ ಪಟ್ಟಿಯೊಂದಿತ್ತು, ಬರೀ 10 ಎಂಬಿಯದ್ದು. ಒಂದೊಂದು ಸಾಮಾನು ಓದುವಾಗಲೂ ಉಳಿದ ಪಟ್ಟಿಯ ಉದ್ದವನ್ನು ಕೊನೆಯವರೆಗೆ ಎಣಿಸಿ ನೋಡುವ ಪೆದ್ದು ಕೋಡ್ ಅದು. ಅದನ್ನು ಸರಿಪಡಿಸಿದ್ದಕ್ಕೆ ಕಾಯುವ ಕಾಲ ಶೇ 70ರಷ್ಟು ಇಳಿಯಿತು. ಆಟ ತಯಾರಿಸಿದ ರಾಕ್‌ಸ್ಟಾರ್ ಕಂಪನಿ ತಪ್ಪೊಪ್ಪಿಕೊಂಡು ಅವರಿಗೆ 10,000 ಡಾಲರ್ ಕೊಟ್ಟಿತು.

ಹಾರ್ಡ್ ಡಿಸ್ಕಿನ ತೋಳು ಓಡಾಡದಂತೆ ಮಾಡಲು ಆಟ ಕಟ್ಟುವವರು ಪಟ್ಟ ಪಾಡು ಕೇಳಿದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ. ಪಿಎಸ್4 ಮತ್ತು ಪಿಎಸ್5 ಎರಡರ ವಿನ್ಯಾಸದ ಮುಂದಾಳು ಮಾರ್ಕ್ ಸರ್ನಿ 2020ರ ಮಾರ್ಚಿನಲ್ಲಿ ಒಂದು ಉಪನ್ಯಾಸ ಕೊಟ್ಟರು. ಆಟ ತಯಾರಕರ ಸಮ್ಮೇಳನಕ್ಕೆಂದು ಸಿದ್ಧಪಡಿಸಿದ್ದು, ಕೋವಿಡ್ ದೆಸೆಯಿಂದ ಇಂಟರ್ನೆಟ್ಟಿನಲ್ಲೇ ನಡೆಯಿತು. ಅದರಲ್ಲಿ ಸ್ಪೈಡರ್‌ಮ್ಯಾನ್ ಆಟದ ಉದಾಹರಣೆ ಕೊಟ್ಟರು. ನ್ಯೂಯಾರ್ಕಿನ ಬೀದಿಗಳಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಾರುವ ಆಟ ಅದು. ಪ್ರತಿ ಬೀದಿಯಲ್ಲೂ ಅಂಚೆಪೆಟ್ಟಿಗೆ, ದೀಪದ ಕಂಬ, ಪೇಪರ್ ಸ್ಟ್ಯಾಂಡು. ಅಂಚೆಪೆಟ್ಟಿಗೆಯ ಚಿತ್ರವನ್ನು ಡಿಸ್ಕಿನಲ್ಲಿ ಒಂದೇ ಕಡೆ ಇಟ್ಟರೆ ಪ್ರತಿ ಬೀದಿಗೂ ತೋಳು ಅಲ್ಲಿಗೆ ಓಡಬೇಕು. ಅದಕ್ಕೆ ಏನು ಮಾಡಿದರು ಗೊತ್ತೇ? ಪ್ರತಿ ಬೀದಿಯ ಮಾಹಿತಿಯ ಮಗ್ಗುಲಲ್ಲೇ ಅಂಚೆಪೆಟ್ಟಿಗೆಯ ಇನ್ನೊಂದು ಪ್ರತಿ ಇಟ್ಟರು. ಕೆಲವು ವಸ್ತುಗಳು ಡಿಸ್ಕಿನಲ್ಲಿ 400 ಸಲ ನಕಲಾಗಿದ್ದವು ಎಂದು ಸರ್ನಿ ಹೇಳಿದರು.

ಈ ಮಾತು ಕೇಳಿದ ಮೇಲೆ ನನ್ನ ಮೈಸೂರಿನ ಅವಮಾನಕ್ಕೆ ಇನ್ನೊಂದು ಸಮಾಧಾನ ಸಿಕ್ಕಿತು. ಹೈಬ್ರಿಡ್ ಡಿಸ್ಕಿನ ಬುದ್ಧಿಯೆಲ್ಲ "ಒಂದೇ ನಂಬರಿನ ಗೂಡನ್ನು ಮತ್ತೆ ಮತ್ತೆ ಕೇಳಿದರೆ" ಎಂಬುದರ ಮೇಲೆ ನಿಂತಿದೆ. ಅತಿ ಹೆಚ್ಚು ಬಳಕೆಯ ಅಂಚೆಪೆಟ್ಟಿಗೆಯೇ ಫ್ಲಾಷಿಗೆ ಹೇಳಿಮಾಡಿಸಿದ ಸರಕು. ಆದರೆ ಅದನ್ನು 400 ಗೂಡುಗಳಲ್ಲಿ ಹಂಚಿ ಇಟ್ಟಿದ್ದಾರೆ, ಅಕ್ಷರ ಬಾರದ ಹುಡುಗನ ಕಣ್ಣಿಗೆ ಅವು 400 ಬೇರೆ ಬೇರೆ ಪೊಟ್ಟಣ, ಒಂದೊಂದನ್ನೂ ಒಂದೊಂದೇ ಸಲ ಕೇಳಿದ್ದಾರೆ. ಸಾದಾ ಡಿಸ್ಕಿಗೆ ಅನುಕೂಲವಾಗಲೆಂದು ಮಾಡಿದ ಉಪಾಯ, ಕಲಿಯುವ ಡಿಸ್ಕಿನ ಕಣ್ಣು ಕಟ್ಟಿಬಿಟ್ಟಿತ್ತು.

ಈ ನಕಲುಗಳ ಕಥೆ ಇತ್ತೀಚಿನವರೆಗೂ ನಡೆದಿದೆ. ಹೆಲ್‌ಡೈವರ್ಸ್ 2 ಆಟ ಕಂಪ್ಯೂಟರಿನಲ್ಲಿ 150 ಜಿಬಿ ದಾಟಿ ಹಬ್ಬಿತ್ತು. ಹಾರ್ಡ್ ಡಿಸ್ಕ್ ಇಟ್ಟುಕೊಂಡವರಿಗೆ ತೊಂದರೆಯಾಗದಿರಲಿ ಎಂದು ಇಟ್ಟಿದ್ದ ನಕಲುಗಳೇ ಅದರಲ್ಲಿ ಬಹುಪಾಲು. 2025ರ ಕೊನೆಯಲ್ಲಿ ಅವನ್ನು ಕಿತ್ತುಹಾಕಿದರೆ ಆಟ 23 ಜಿಬಿಗೆ ಇಳಿಯಿತು. ಹಾರ್ಡ್ ಡಿಸ್ಕಿನವರಿಗೆ ಕಾಯುವ ಹೊತ್ತು ಭಾರೀ ಏರಬಹುದೆಂದು ಹೆದರಿದ್ದರು. ಏರಿದ್ದು ಕೆಲವು ಸೆಕೆಂಡು ಮಾತ್ರ.

ಪಿಎಸ್5ರಲ್ಲಿ ಸೋನಿ ತಿರುಗುವ ಡಿಸ್ಕಿನ ಸಹವಾಸವನ್ನೇ ಬಿಟ್ಟಿತು. 825 ಜಿಬಿ ಎಸ್‌ಎಸ್‌ಡಿ, ಸೆಕೆಂಡಿಗೆ ಐದೂವರೆ ಜಿಬಿ, ಮಡಿಕೆ ಬಿಡಿಸಲು ಪ್ರತ್ಯೇಕ ಯಂತ್ರಾಂಗ. ಪಿಎಸ್5 ಬಂದ ತಿಂಗಳಲ್ಲೇ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ ಎಸ್‌ಎಸ್‌ಡಿಯೇ. ಹೈಬ್ರಿಡ್ ಡಿಸ್ಕಿಗೆ ಆಟದ ಲೋಕದಲ್ಲಿದ್ದ ಬಾಗಿಲು 2020ರ ನವೆಂಬರಿನಲ್ಲಿ ಮುಚ್ಚಿತು.

ಕಂಪ್ಯೂಟರಿನ ಕಡೆ ಅದು ಇನ್ನೂ ನಿಧಾನವಾಗಿ ಸತ್ತಿತು, ಅದಕ್ಕೆ ಜಿಪುಣತನವೂ ಒಂದು ಕಾರಣ ಎಂದು ನನ್ನ ಎಣಿಕೆ. 2010ರಲ್ಲಿ 500 ಜಿಬಿಗೆ ನಾಲ್ಕು ಕೊಟ್ಟರು, ಸಾವಿರಕ್ಕೆ ಎಂಟಾಯಿತು. ಫ್ಲಾಷಿನ ಬೆಲೆ ವರ್ಷ ವರ್ಷ ಬೀಳುತ್ತಿದ್ದರೂ ಆ ಎಂಟು ಮೇಲೇರಲೇ ಇಲ್ಲ, 2 ಟಿಬಿಯ ಡಿಸ್ಕಿಗೂ ಅದೇ ಎಂಟು. ಆಪಲ್ ಕೂಡ ಇದೇ ಹಾದಿ ಹಿಡಿದದ್ದು ಸೋಜಿಗ. 2012ರಲ್ಲಿ ಅದು ತಂದ ಫ್ಯೂಷನ್ ಡ್ರೈವ್ ನಿಜಕ್ಕೂ ಧಾರಾಳದ್ದು, 1 ಟಿಬಿ ಡಿಸ್ಕಿಗೆ 128 ಜಿಬಿ ಫ್ಲಾಷ್. ಅಲ್ಲಿ ಲೆಕ್ಕ ಇಡುತ್ತಿದ್ದದ್ದು ಅಕ್ಷರ ಬಲ್ಲ ಯಜಮಾನ, ಅಂದರೆ ಆಪರೇಟಿಂಗ್ ಸಿಸ್ಟಮ್. ನಕಲು ಮಾಡುತ್ತಿರಲಿಲ್ಲ, ಸರಕನ್ನೇ ಆಚೆಯಿಂದ ಈಚೆಗೆ ಸಾಗಿಸುತ್ತಿತ್ತು. 2015ರ ಐಮ್ಯಾಕ್‌ಗಳಲ್ಲಿ ಅದೇ ಹೆಸರಿನಡಿ, 1 ಟಿಬಿ ಮಾದರಿಯ ಫ್ಲಾಷನ್ನು 24 ಜಿಬಿಗೆ ಇಳಿಸಿದರು. ಹೆಸರು ಹಳೆಯದು, ಹೂರಣ ಐದರಲ್ಲಿ ಒಂದು ಪಾಲು. ಇಂಟೆಲ್ 2017ರಲ್ಲಿ ಆಪ್ಟೇನ್ ಎಂಬ ಹೊಸ ಬಗೆಯ ಮೆಮೊರಿಯ 16 ಮತ್ತು 32 ಜಿಬಿ ತುಂಡುಗಳನ್ನು ಹಾರ್ಡ್ ಡಿಸ್ಕಿನ ಪಕ್ಕ ಇಡಿ ಎಂದು ಮಾರಿ ನೋಡಿತು. ಅಷ್ಟರಲ್ಲಿ ಇಡೀ ಎಸ್‌ಎಸ್‌ಡಿಯೇ ಕೈಗೆಟುಕುವ ಬೆಲೆಗೆ ಬಂದಿತ್ತು. 2022ರಲ್ಲಿ ಇಂಟೆಲ್ ಆ ವ್ಯವಹಾರವನ್ನು ಮುಚ್ಚಿತು.

ಉಪಾಯ ಮಾತ್ರ ಸತ್ತಿಲ್ಲ, ವೇಷ ಬದಲಿಸಿದೆ. ಇವತ್ತು ಅಗ್ಗದ ಎಸ್‌ಎಸ್‌ಡಿ ಕೊಂಡು ಅದಕ್ಕೊಂದು ದೊಡ್ಡ ವಿಡಿಯೊ ಫೋಲ್ಡರ್ ನಕಲು ಮಾಡಿ ನೋಡಿ. ಮೊದಮೊದಲು ಗಾಳಿಯಂತೆ ಓಡುವ ಹಸಿರು ಪಟ್ಟಿ, ಎಲ್ಲೋ ಒಂದು ಕಡೆ ಥಟ್ಟನೆ ಕುಂಟತೊಡಗುತ್ತದೆ. ಕೆಟ್ಟಿದೆಯೆಂದು ಅಂಗಡಿಗೆ ಹೊತ್ತೊಯ್ಯುವವರಿದ್ದಾರೆ. ಕೆಟ್ಟಿರುವುದಿಲ್ಲ. ಅಗ್ಗದ ಫ್ಲಾಷಿನಲ್ಲಿ ಒಂದೊಂದು ಕೋಶದಲ್ಲಿ ಮೂರು ನಾಲ್ಕು ಬಿಟ್ ತುರುಕಿರುತ್ತಾರೆ, ಹಾಗೆ ತುರುಕಿ ಬರೆಯುವುದು ನಿಧಾನದ ಕೆಲಸ. ಹಾಗಾಗಿ ಒಂದಿಷ್ಟು ಕೋಶಗಳನ್ನು ತಲಾ ಒಂದೇ ಬಿಟ್‌ಗೆ ಮೀಸಲಿಟ್ಟು, ಬಂದದ್ದನ್ನೆಲ್ಲ ಮೊದಲು ಅಲ್ಲಿ ಗಡಿಬಿಡಿಯಲ್ಲಿ ಇಳಿಸಿಕೊಂಡು, ಬಿಡುವಾದಾಗ ಒಳಗೆ ಜೋಡಿಸುತ್ತದೆ. ಆ ಜಗಲಿ ತುಂಬಿದ ಕ್ಷಣವೇ ಪಟ್ಟಿ ಕುಂಟುವ ಕ್ಷಣ. ದೊಡ್ಡ ದೊಡ್ಡ ಡೇಟಾ ಸೆಂಟರುಗಳ ಹಾರ್ಡ್ ಡಿಸ್ಕುಗಳಲ್ಲೂ ಫ್ಲಾಷ್ ಮತ್ತೆ ಬಂದು ಕೂತಿದೆ. ವೆಸ್ಟರ್ನ್ ಡಿಜಿಟಲ್ 2021ರಿಂದ ತನ್ನ 20 ಟಿಬಿಯ ಡಿಸ್ಕುಗಳಲ್ಲಿ ಅದನ್ನು ಇಡುತ್ತಿದೆ. ಗಿರಾಕಿಯ ರೂಢಿ ಕಲಿಯುವ ಉಸಾಬರಿ ಅದಕ್ಕಿಲ್ಲ, ಡಿಸ್ಕಿನ ಸ್ವಂತ ಲೆಕ್ಕಪತ್ರ ಬರೆದಿಟ್ಟುಕೊಳ್ಳಲು ಬಳಸುತ್ತಾರೆ.

ಅಕ್ಕನ ಮಗ ಈಗ ಕೆಲಸಕ್ಕೆ ಸೇರಿದ್ದಾನೆ, ಅವನ ಹತ್ತಿರ ಪಿಎಸ್5 ಇದೆ. ಹಳೇ ಡಿಸ್ಕನ್ನು ಪಿಎಸ್4ರಿಂದ ತೆಗೆದು ಒಂದು ಯುಎಸ್‌ಬಿ ಡಬ್ಬಿಗೆ ಹಾಕಿ ಅಕ್ಕನಿಗೆ ಕೊಟ್ಟ. ಅದರಲ್ಲಿ ಮನೆಯ ಫೋಟೊಗಳಿವೆ, ಇನ್ನೂರು ಜಿಬಿಯಷ್ಟು. ದಸರೆಗೆ ಎಲ್ಲ ಸೇರಿದಾಗ ಟಿವಿಗೆ ಚುಚ್ಚುತ್ತಾರೆ. ಒಂದೆರಡು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ತಟ್ಟೆ ತಿರುಗತೊಡಗುವ ಸಣ್ಣ ಗುಂಯ್ ಸದ್ದು, ಒಂದೆರಡು ಕರಕರ, ಆಮೇಲೆ ಅಪ್ಪನ ಷಷ್ಟ್ಯಬ್ದಿಯ ಮೊದಲ ಫೋಟೊ. ವರ್ಷಕ್ಕೊಂದು ಸಲ ಕೇಳುವ ಇಂಥ ಗಿರಾಕಿಗಾಗಿ ಮುಂದಿನ ಹಲಗೆಗೆ ಏನನ್ನೂ ತಂದಿಡುವ ಪ್ರಸಂಗ ಆ ಎಂಟು ಜಿಬಿಗೆ ಬರುವುದಿಲ್ಲ. ಮಿಕ್ಕ ಎಂಟುನೂರು ಜಿಬಿ ಜಾಗದ ಮೇಲೆ ಯಾರೂ ಏನೂ ಬರೆದಿಲ್ಲ. ಹಾಗಾಗಿ ಹುಡುಗನನ್ನು ಮೂವತ್ತು ಸಲ ಕೊಂದ ಆ ರಾಕ್ಷಸ ತನ್ನ ಕೋಟೆ ಬಾಗಿಲ ಸಮೇತ ಇನ್ನೂ ಆ ಹಲಗೆಯ ಮೇಲೆಯೇ, ಕರೆದ ಕೂಡಲೇ ಬರುವಷ್ಟು ಹತ್ತಿರದಲ್ಲಿ, ಕೂತಿದ್ದರೂ ಇರಬಹುದು.